ದನಿಯ ಜಾಗ ಹುಡುಕುವ ಸೌಂಡಕ್ಕ

ಬೆಳಗಿನ ಆರು ಗಂಟೆ. ಮೂರನೇ ಮಹಡಿಯ ಒಂದು ಮನೆಯ ಹಾಲಿನಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಅಂಬೆಗಾಲಿಡುತ್ತಿದ್ದಾರೆ. ಗೋಡೆಯ ಅಂಚು ಹಿಡಿದು ಹೋಗುತ್ತಾರೆ, ನಿಲ್ಲುತ್ತಾರೆ, ಕಿವಿಯನ್ನು ನೆಲದಿಂದ ಒಂದು ಗೇಣು ಮೇಲಿಟ್ಟು ಆಲಿಸುತ್ತಾರೆ, 'ಇಲ್ಲಿಲ್ಲ' ಎಂಬಂತೆ ತಲೆಯಾಡಿಸಿ ಮತ್ತೆ ಮುಂದಕ್ಕೆ ತೆವಳುತ್ತಾರೆ. ಮನೆಯವರು ಕೂರಬೇಕಾದ ಸೋಫಾದ ಮೇಲೆ ಕರಿಯ ಪೆಟ್ಟಿಗೆಯೊಂದು ದೊಡ್ಡ ನೆಂಟನ ಹಾಗೆ ಕೂತು ಗುಂ ಗುಂ ಎನ್ನುತ್ತಿದೆ. ಬಾಗಿಲ ಬಳಿ ನಿಂತಿರುವ ಮನೆಯ ಸೊಸೆಗೆ, ಕೈಯಲ್ಲಿರುವ ಟೀ ಲೋಟವನ್ನು ಈ ಭಂಗಿಯಲ್ಲಿರುವವರಿಗೆ ಹೇಗೆ ಕೊಡುವುದೋ ತಿಳಿಯುತ್ತಿಲ್ಲ.

"ಅಲ್ಲೇ ನೆಲದ ಮೇಲೆ ಇಟ್ಬಿಡಮ್ಮ," ಎನ್ನುತ್ತಾರೆ ಅವರು, ತಲೆ ಎತ್ತದೆ. "ನಾನೇ ಅಲ್ಲಿಗೆ ಬರ್ತೀನಿ. ದಾರಿಯಲ್ಲೇ ಇದೆ."

ಇವರು ಸೌಂಡಕ್ಕ. ಸಂಬಳದ ಪಟ್ಟಿಯೊಂದನ್ನು ಬಿಟ್ಟರೆ ಇವರ ನಿಜ ಹೆಸರನ್ನು ಯಾರೂ ಕರೆದು ವರ್ಷಗಳೇ ಆಗಿವೆ. ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಹೋಮ್ ಥಿಯೇಟರ್ ಕೊಂಡವರ ಮನೆಗೆ ಹೋಗಿ ಅದನ್ನು ಕೂರಿಸಿಕೊಡುವುದು, ತಕರಾರು ಬಂದರೆ ಸರಿಮಾಡುವುದು ಇವರ ಕೆಲಸ. ಸಿನಿಮಾದ ಗುಡುಗು ಮನೆಯೊಳಗೇ ಗುಡುಗಿದಾಗ ಎಲ್ಲರೂ ಹೊಗಳುವುದು ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರನ್ನು. ಆ ಗುಡುಗು ಯಾವ ಮೂಲೆಯಿಂದ ಏಳಬೇಕೆಂದು ಮಂಡಿಯೂರಿ ಹುಡುಕಿದ ಈ ಎಲೆಮರೆಯ ಕಾಯಿ ಅಷ್ಟು ಹೊತ್ತಿಗೆ ಚೀಲ ಹೆಗಲಿಗೇರಿಸಿ ಮುಂದಿನ ಮನೆಯ ಮೆಟ್ಟಿಲು ಹತ್ತುತ್ತಿರುತ್ತಾರೆ.

ಅಂಬೆಗಾಲಿನ ಗುಟ್ಟು ಸರಳವಾಗಿದೆ, ಆದರೆ ಕೇಳಿದವರು ಮೂಗಿನ ಮೇಲೆ ಬೆರಳಿಡುತ್ತಾರೆ. ಗುಡುಗು, ನಗಾರಿ, ಎಂಜಿನ್ನಿನಂಥ ದಪ್ಪ ದನಿಗಳನ್ನು ಹೊರಡಿಸುವ ವೂಫರ್ ಪೆಟ್ಟಿಗೆಗೆ ಪ್ರತಿ ಕೋಣೆಯಲ್ಲೂ ಒಂದೋ ಎರಡೋ ಒಳ್ಳೆಯ ಜಾಗ ಇರುತ್ತವೆ. ಬೇರೆ ಕಡೆ ಇಟ್ಟರೆ ದನಿ ಉಬ್ಬಿ ಮಾತನ್ನೆಲ್ಲ ನುಂಗುತ್ತದೆ, ಇಲ್ಲವೇ ತಾನೇ ಮಾಯವಾಗುತ್ತದೆ. ಆ ಜಾಗ ಹುಡುಕಲು ಭಾರದ ಪೆಟ್ಟಿಗೆಯನ್ನು ಕೋಣೆಯ ತುಂಬ ಹೊತ್ತು ತಿರುಗುವ ಬದಲು, ಸೌಂಡಕ್ಕ ಅದನ್ನು ಜನ ಕೂರುವಲ್ಲಿ ಕೂರಿಸಿ, ತಾವು ಅದನ್ನು ಇಡಬಹುದಾದ ಕಡೆಗಳಲ್ಲೆಲ್ಲ ತೆವಳುತ್ತಾರೆ. ಕಿವಿಗೆ ಎಲ್ಲಿ ಹಿತವೋ ಅಲ್ಲಿ ಪೆಟ್ಟಿಗೆ. "ಇಲ್ಲಿಂದ ಅಲ್ಲಿಗೆ ಹೋಗೋ ದಾರಿ, ಅಲ್ಲಿಂದ ಇಲ್ಲಿಗೆ ಬರೋ ದಾರಿ ಎರಡೂ ಒಂದೇ ತಾನೇ?" ಎನ್ನುತ್ತಾರೆ. ಟೈಲರ್ ಆಗಿರುವ ಪತಿ, ಹಳೆಯ ಹಾಸಿಗೆಯ ಸ್ಪಂಜಿನಿಂದ ಮಂಡಿಚಿಪ್ಪಿಗೆ ಎರಡು ದಿಂಬು ಹೊಲಿದುಕೊಟ್ಟಿದ್ದಾರೆ. ವರ್ಷಕ್ಕೊಂದು ಜೊತೆ ಸವೆಯುತ್ತದೆ.

ಇಷ್ಟು ಬೆಳಿಗ್ಗೆಯೇ ಬರುವುದಕ್ಕೂ ಕಾರಣವಿದೆ. "ಏಳಕ್ಕೆ ಪಕ್ಕದ ಮನೆ ಮಿಕ್ಸಿ, ಎಂಟಕ್ಕೆ ರಸ್ತೆ ತುಂಬ ಹಾರನ್ನು. ಆಮೇಲೆ ಕಿವಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ." ಹೀಗಾಗಿ ತಕರಾರಿನ ಮನೆಗಳನ್ನು ಅವರು ಬೆಳಕು ಹರಿಯುವ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ. ಇವತ್ತಿನದು ಬರೀ ತಕರಾರಿನ ಮನೆಯಲ್ಲ, ಮೂರನೇ ಸಲದ ತಕರಾರಿನ ಮನೆ.

ಅವರ ಕಿವಿ ಪಳಗಿದ್ದು ಸ್ಪೀಕರ್ ಕಾರ್ಖಾನೆಯಲ್ಲಿ. ಹದಿನೆಂಟನೇ ವಯಸ್ಸಿಗೆ ಸೇರಿದರು. ಮೂವತ್ತಾರು ಹೆಂಗಸರು ಸಾಲಾಗಿ ಕೂತು, ಸ್ಪೀಕರಿನೊಳಗೆ ನಡುಗಿ ದನಿ ಹೊರಡಿಸುವ ಕಾಗದದ ಕೋನುಗಳಿಗೆ ಅಂಟು ಹಚ್ಚುವ ವಿಭಾಗ, ದಿನಕ್ಕೆ ತಲೆಗೆ ನಾನೂರು ಕೋನು. ಅಂಟು ಒಣಗಿದ ಮೇಲೆ ಒಂದೊಂದನ್ನೂ ಉಗುರಿನಿಂದ ತಟ್ಟಿ ನೋಡಬೇಕಿತ್ತು. "ಸರಿಯಾಗಿ ಕೂತಿದ್ರೆ 'ಟಪ್' ಅನ್ನುತ್ತೆ. ಎಲ್ಲೋ ಒಂಚೂರು ಬಿಟ್ಟಿದ್ರೆ 'ಟೊಪ್' ಅನ್ನುತ್ತೆ. ಬಾಯಲ್ಲಿ ಹೇಳಿದ್ರೆ ಎರಡೂ ಒಂದೇ ಥರ ಇದೆ ಅಲ್ವಾ? ಕಿವೀಲಿ ಕೇಳಿದ್ರೆ ಅಜಗಜಾಂತರ." ಹನ್ನೊಂದು ವರ್ಷ ಹಾಗೆ ತಟ್ಟಿದ ಮೇಲೆ ಕಾರ್ಖಾನೆಗೆ ಬೀಗ ಬಿತ್ತು. ಮುಂದಿನ ಐದು ವರ್ಷ ಹೊಟ್ಟೆಪಾಡಿಗೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಹರಿದ ಕೋನುಗಳಿಗೆ ತೇಪೆ ಹಾಕಿದರು. ಆಗ ಹಾಲು ಉಕ್ಕಿದ್ದಕ್ಕಿಂತ ಅಂಟು ಉಕ್ಕಿದ್ದೇ ಹೆಚ್ಚು ಎಂದು ಪತಿ ಈಗಲೂ ಛೇಡಿಸುತ್ತಾರೆ.

ಅಂಗಡಿಗೆ ಕೆಲಸ ಕೇಳಿ ಹೋದಾಗ ಮ್ಯಾನೇಜರ್ ಹುಬ್ಬೇರಿಸಿದ್ದರು. ಏಣಿ ಹತ್ತುವ ಕೆಲಸ, ಗೋಡೆ ಕೊರೆಯುವ ಕೆಲಸ, ನಿಮ್ಮ ಕೈಲಾಗದು ಎಂದರು. ಸೌಂಡಕ್ಕ ವಾದ ಮಾಡಲಿಲ್ಲ. ಅಲ್ಲಿ ಸಾಲಾಗಿ ಇಟ್ಟಿದ್ದ ಹನ್ನೆರಡು ಸ್ಪೀಕರುಗಳನ್ನು ಉಗುರಿನಿಂದ ತಟ್ಟುತ್ತಾ ಹೋಗಿ, ಏಳನೆಯದರ ಮುಂದೆ ನಿಂತು, "ಇದರ ಅಂಟು ಬಿಟ್ಟಿದೆ" ಎಂದರು. ಬಿಚ್ಚಿ ನೋಡಿದರೆ ಬಿಟ್ಟಿತ್ತು. ಮ್ಯಾನೇಜರ್ ಮಾತು ನುಂಗಿಕೊಂಡು ಏಣಿ ಕೊಡಿಸಿದರು. ಅದಾಗಿ ಹದಿನೆಂಟು ವರ್ಷ. ಬಾಗಿಲು ತೆರೆದವರು ಇವರ ಬೆನ್ನ ಹಿಂದೆ ಇಣುಕಿ, "ಕೆಲಸದವರು ಬರ್ಲಿಲ್ವಾ?" ಎಂದು ಕೇಳುವುದು ಇವತ್ತಿಗೂ ನಿಂತಿಲ್ಲ. "ಬಂದಿದಾರೆ, ಚಪ್ಪಲಿ ಬಿಡ್ತಿದಾರೆ" ಎನ್ನುವುದು ಇವರ ಮಾಮೂಲಿ ಉತ್ತರ.

ದಿನಕ್ಕೆ ಮೂರು ಮನೆ. ಹೆಗಲ ಚೀಲ ಒಂಬತ್ತು ಕಿಲೋ. ದಿನವೊಂದಕ್ಕೆ ಎಪ್ಪತ್ತು ಮೀಟರು ತಂತಿ ಗೋಡೆಯಂಚಿನಲ್ಲಿ ಹರಿಯುತ್ತದೆ. ಒಂದು ಮನೆಗೆ ವೂಫರ್ ಬಿಟ್ಟು ಐದು ಸ್ಪೀಕರ್: ಟಿವಿಯ ಎಡಕ್ಕೊಂದು, ಬಲಕ್ಕೊಂದು, ಮಾತಿಗಾಗಿ ನಡುವೆ ಒಂದು, ಕೂರುವವರ ಬೆನ್ನ ಹಿಂದೆ ಎರಡು. ಒಂದೊಂದಕ್ಕೂ ತಾಮ್ರದ ನಾಲ್ಕು ತುದಿ, ಒಟ್ಟು ಇಪ್ಪತ್ತು. ಇಪ್ಪತ್ತರಲ್ಲಿ ಒಂದು ಕೈಕೊಟ್ಟರೂ ಇಡೀ ಮನೆಯ ಖುಷಿ ಹಾಳು. ಎಲ್ಲ ಮುಗಿದ ಮೇಲೆ ಪರೀಕ್ಷೆಗೆಂದು ಅವರು ಹಾಕುವುದು ಒಂದೇ ಸಿನಿಮಾದ ಒಂದೇ ತುಣುಕು. ಮಳೆ ಸುರಿಯುತ್ತಿದೆ, ಒಬ್ಬ ಮೆಟ್ಟಿಲೇರಿ ಬರುತ್ತಾನೆ, ಬಾಗಿಲು ಬಡಿಯುತ್ತಾನೆ, "ನಾನು, ಬಾಗಿಲು ತೆಗಿ" ಎನ್ನುತ್ತಾನೆ. ಅಲ್ಲಿಗೆ ನಾಲ್ಕು ನಿಮಿಷ. ಸಾವಿರಾರು ಮನೆಗಳಲ್ಲಿ ಅವನನ್ನು ಮೆಟ್ಟಿಲು ಹತ್ತಿಸಿದ್ದಾರೆ. ಬಾಗಿಲು ತೆಗೆದವರು ಯಾರೆಂದು ಇವರಿಗೆ ಈವರೆಗೆ ಗೊತ್ತಿಲ್ಲ. "ರಿಟೈರ್ ಆದ ಮೇಲೆ ನೋಡೋಣ ಅಂತಿದೀನಿ. ಅಲ್ಲೀತನಕ ಪಾಪ ಅವನು ನೆನೀತಾನೇ ಇರ್ಲಿ."

ಇವತ್ತಿನ ಮನೆಗೆ ಹೋಮ್ ಥಿಯೇಟರ್ ಬಂದು ಹದಿಮೂರು ದಿನ. ಮಗ ಅದನ್ನು ತಂದದ್ದು ತಂದೆಗಾಗಿ. ತಂದೆಗೆ ಎಪ್ಪತ್ತನಾಲ್ಕು, ಬಸ್ ಕಂಡಕ್ಟರ್ ಆಗಿ ಮೂವತ್ತೊಂದು ವರ್ಷ ದುಡಿದವರು, ಕೇರಿಯವರಿಗೆಲ್ಲ ಕಂಡಕ್ಟರ್ ತಾತ. ಆರು ವರ್ಷದಿಂದ ಕಣ್ಣು ಒಂದಿಷ್ಟೂ ಕಾಣಿಸುವುದಿಲ್ಲ. ಸಿನಿಮಾ ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ. ಕಾಣದಿದ್ದರೂ ಚೆನ್ನಾಗಿ ಕೇಳಿಸಲಿ ಎಂಬುದು ಮಗನ ಆಸೆ. ಆದರೆ ಮೊದಲ ದಿನವೇ ತಾತ, "ಮಾತಾಡೋರು ಟಿವಿ ಹತ್ರ ಇಲ್ಲ, ಕಿಟಕಿ ಹತ್ರ ಬಂದು ನಿಂತ್ಕೊಂಡು ಮಾತಾಡ್ತಾರೆ" ಎಂದರು. ಎರಡು ಸಲ ಅಂಗಡಿಯಿಂದ ಬೇರೆ ಬೇರೆ ಕೆಲಸಗಾರರು ಬಂದರು. ಸೋಫಾದಲ್ಲಿ ಕೂತು ನೋಡಿ, ಎಲ್ಲ ಸರಿಯಿದೆ ಎಂದು ಹೋದರು. ಅವರು ತುಂಬಿಟ್ಟುಹೋದ ಎರಡು ಸರ್ವಿಸ್ ಕಾರ್ಡುಗಳಲ್ಲೂ 'ದೋಷವಿಲ್ಲ' ಎಂದು ಬರೆದಿದೆ. ಮಗನಿಗೂ ಸೊಸೆಗೂ ಮಾತು ಟಿವಿಯಿಂದಲೇ ಕೇಳುತ್ತದೆ.

ತಾತ ಮಾತ್ರ ಕಿಟಕಿಯ ಬಳಿ ಯಾರೋ ನಿಂತು ಮಾತಾಡುತ್ತಾರೆ ಎನ್ನುವುದನ್ನು ಬಿಡಲಿಲ್ಲ. ಮನೆಯವರು ಮುಖ ಮುಖ ನೋಡಿಕೊಳ್ಳತೊಡಗಿದರು. ಶುಕ್ರವಾರ ಹತ್ತೂವರೆಗೆ ಕಿವಿಯ ಡಾಕ್ಟರು. ಕಿವಿಯಲ್ಲಿ ಏನೂ ಸಿಗದಿದ್ದರೆ ಮುಂದೆ ಯಾವ ಡಾಕ್ಟರು ಎಂಬ ಮಾತನ್ನು ಅಡುಗೆಮನೆಯಲ್ಲಿ ಮೆಲುದನಿಯಲ್ಲಿ ಆಡಿದ್ದೂ ಆಗಿದೆ. ಆ ಮೆಲುದನಿಯೂ ತಾತನಿಗೆ ಕೇಳಿಸಿದೆ. ಸೆಟ್ಟನ್ನು ವಾಪಸ್ ಕೊಡಲು ನಾಳೆ ಕೊನೆಯ ದಿನ. ಅದು ಹೋದರೆ ಹೋಗಲಿ, ತಾತನಿಗೆ ಆ ಚಿಂತೆಯಿಲ್ಲ. "ಕಣ್ಣು ಹೋಯ್ತು ಅಂದ್ರು, ಒಪ್ಕೊಂಡೆ," ಎನ್ನುತ್ತಾರೆ ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತು. "ಈಗ ಕಿವಿನೂ ಹೋಯ್ತು ಅಂತಾರೆ. ಇನ್ನು ನಾನು ಯಾವುದನ್ನ ನಂಬ್ಕೊಂಡು ಬದುಕ್ಲಿ?"

ಸೌಂಡಕ್ಕ ಬಂದವರೇ ಕೇಳುವ ಮೊದಲ ಪ್ರಶ್ನೆ, ಯಾರು ಎಲ್ಲಿ ಕೂರುತ್ತೀರಿ ಎಂಬುದು. ಸೊಸೆ ಸೋಫಾ ತೋರಿಸಿದ್ದಾರೆ. ಮಾವನವರು ನೋಡುವುದಿಲ್ಲವಲ್ಲ, ಹಾಗಾಗಿ ಅವರ ಕುರ್ಚಿಯ ಮಾತೇ ಬಂದಿಲ್ಲ. ದಪ್ಪ ದನಿ ಉಬ್ಬಿ ಮಾತು ಕಲಸಿಹೋಗಿರಬೇಕು ಎಂದು ಲೆಕ್ಕ ಹಾಕಿ ಅವರು ಅಷ್ಟು ಹೊತ್ತು ತೆವಳಿದ್ದಾರೆ. ವೂಫರಿಗೆ ಪುಸ್ತಕದ ಕಪಾಟಿನ ಪಕ್ಕ ಹೊಸ ಜಾಗ ಸಿಕ್ಕಿದೆ. ಸೋಫಾದಲ್ಲಿ ಕೂತು ಮಳೆಯ ಮನುಷ್ಯನನ್ನು ಮೆಟ್ಟಿಲು ಹತ್ತಿಸುತ್ತಾರೆ. ಗುಡುಗು ಸ್ವಚ್ಛ, ಮಾತು ಸ್ವಚ್ಛ.

"ಮಾತು ಟಿವಿಯಿಂದಾನೇ ಬರ್ತಿದೆ ಯಜಮಾನ್ರೇ," ಎನ್ನುತ್ತಾರೆ.

"ನೀವೂ ಅದನ್ನೇ ಅಂದ್ರಿ," ಎನ್ನುತ್ತಾರೆ ತಾತ.

ಸೌಂಡಕ್ಕನ ಮುಖ ಬಾಡುತ್ತದೆ. ಮೂರೂವರೆ ದಶಕ ಸ್ಪೀಕರ್ ಜೊತೆ ಬಾಳಿದವರು, ಹಿಂದೆ ಬಂದವರು ಹೇಳಿದ ಮಾತನ್ನೇ ಚಾಚೂ ತಪ್ಪದೆ ಹೇಳಿದ್ದಾರೆ. ಪ್ರತಿ ಮನೆಯಲ್ಲೂ ಮೊದಲು ಐದು ಸ್ಪೀಕರುಗಳ ಮೇಲೂ ಅಂಗೈ ಇಟ್ಟು ನೋಡುವ ಅವರು, ಇಲ್ಲಿ ಕಾರ್ಡಿನಲ್ಲಿ 'ದೋಷವಿಲ್ಲ' ಎಂದಿದ್ದನ್ನು ಎರಡೆರಡು ಸಲ ಓದಿ ಅದನ್ನು ಬಿಟ್ಟುಬಿಟ್ಟಿದ್ದಾರೆ. ಇದನ್ನು ಆಮೇಲೆ ಅವರೇ ಒಪ್ಪಿಕೊಳ್ಳುತ್ತಾರೆ. "ಕಾಗದ ನೋಡಿದೆ, ಮನುಷ್ಯರನ್ನ ನೋಡ್ಲಿಲ್ಲ. ನನ್ನದೇ ತಪ್ಪು."

"ಎಲ್ಲಿ ಕೂತು ಕೇಳಿದ್ರಿ?" ತಾತ ಕೇಳುತ್ತಾರೆ.

"ಸೋಫಾ ಮೇಲೆ."

"ನಾನು ಸೋಫಾ ಮೇಲೆ ಯಾವತ್ತು ಕೂತಿದ್ದೆ?"

ತಾತ ಗೋಡೆ ಹಿಡಿದು ಎದ್ದು ತಮ್ಮ ಕುರ್ಚಿ ಬಿಟ್ಟುಕೊಡುತ್ತಾರೆ. ಸೌಂಡಕ್ಕ ಅದರಲ್ಲಿ ಕೂರುತ್ತಾರೆ. ಕುರ್ಚಿ ಇರುವುದು ಬಲಗಡೆ, ಕಿಟಕಿಯ ಹತ್ತಿರ. ಸೊಸೆ ರಿಮೋಟು ಒತ್ತುತ್ತಾರೆ. ಮಳೆ, ಮೆಟ್ಟಿಲು, ಬಾಗಿಲು, ಮಾತು. ಎಷ್ಟು ಕಿವಿಗೊಟ್ಟರೂ ಮಾತು ಪರದೆಯ ಮೇಲಿನ ಬಾಯಿಂದಲೇ ಬಂದಂತಿದೆ. ಹೇಳಲೋ ಬೇಡವೋ ಎಂದು ಅವರು ಅನುಮಾನಿಸುತ್ತಿರುವಾಗ ತಾತನೇ ಕೇಳುತ್ತಾರೆ.

"ಕಣ್ಣು ತೆರ್ಕೊಂಡಿದೀರಾ?"

"ಹೂಂ."

"ಮುಚ್ಚಿ ನೋಡಿ. ನನ್ನ ಹಾಗೆ ಕೇಳಿ."

ಸೌಂಡಕ್ಕ ಹೆಗಲ ಮೇಲಿದ್ದ ಟವೆಲನ್ನು ಎರಡು ಮಡಿಕೆ ಮಾಡಿ ಕಣ್ಣಿಗೆ ಬಿಗಿದು ಕಟ್ಟಿಕೊಳ್ಳುತ್ತಾರೆ. ಮತ್ತೆ ಮಳೆ, ಮತ್ತೆ ಮೆಟ್ಟಿಲು. "ನಾನು, ಬಾಗಿಲು ತೆಗಿ" ಎಂಬ ಮಾತು ಬರುತ್ತದೆ. ಅವರು ಕುರ್ಚಿಯಲ್ಲೇ ಬೆಚ್ಚಿ ಬಲಕ್ಕೆ ತಿರುಗುತ್ತಾರೆ. ಮಾತಾಡಿದವನು ಟಿವಿಯ ಹತ್ತಿರ ಇಲ್ಲ. ಕಿಟಕಿಯ ಪರದೆಯ ಬಳಿ, ಮಾರು ದೂರದಲ್ಲೇ ನಿಂತಿದ್ದಾನೆ.

"ಮೈ ಜುಂ ಅಂತು," ಎಂದು ಆ ಗಳಿಗೆಯನ್ನು ನೆನೆಯುತ್ತಾರೆ ಸೌಂಡಕ್ಕ. "ಇಷ್ಟು ವರ್ಷ ಕಿವೀನೇ ನನ್ನ ಅನ್ನ ಅಂತ ಬೀಗ್ತಿದ್ದೆ. ತುಟಿ ಅಲ್ಲಾಡೋದು ಕಣ್ಣಿಗೆ ಕಂಡ ತಕ್ಷಣ ಕಿವಿ ಹೋಗಿ ಅಲ್ಲೇ ಕೂತ್ಬಿಡುತ್ತೆ ಕಣ್ರೀ. ಕಣ್ಣು ಸಾಹೇಬ, ಕಿವಿ ಗುಮಾಸ್ತ. ಸಾಹೇಬರು ಎಲ್ಲಿ ತೋರಿಸ್ತಾರೋ ಅಲ್ಲಿ ಸೀಲು ಒತ್ತೋದಷ್ಟೇ ಅದರ ಕೆಲಸ." ಕಣ್ಣಿದ್ದವರೆಲ್ಲ ಮೋಸಹೋದ ಕಡೆ ಮೋಸಹೋಗದೆ ಉಳಿದವರು ಆ ಮನೆಯಲ್ಲಿ ಒಬ್ಬರೇ. ಅವರಿಗೇ ಡಾಕ್ಟರ ಚೀಟಿ ಸಿದ್ಧವಾಗಿತ್ತು.

ತಾತನಿಗೆ ಮಾತ್ರ ಇದರಲ್ಲಿ ದೊಡ್ಡ ವಿಶೇಷವೇನೂ ಕಾಣುವುದಿಲ್ಲ. ತುಂಬಿದ ಬಸ್ಸಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದರೂ, 'ಇಳೀಬೇಕು' ಎಂದವರು ಯಾವ ಸಾಲಿನ ಯಾವ ಸೀಟಿನವರೆಂದು ಅವರಿಗೆ ತಿಳಿಯುತ್ತಿತ್ತಂತೆ. "ಟಿಕೆಟ್ ತಗೊಳ್ದೆ ಕೆಮ್ಮಿದೋರನ್ನೂ ಹಿಡೀತಿದ್ದೆ," ಎನ್ನುತ್ತಾರೆ.

ಕಣ್ಣಿನ ಬಟ್ಟೆ ಬಿಚ್ಚದೆಯೇ ಸೌಂಡಕ್ಕ ಎದ್ದು, ಕೈ ಚಾಚಿಕೊಂಡು ಟಿವಿಯತ್ತ ನಡೆಯುತ್ತಾರೆ. ಟಿವಿಯ ಕೆಳಗಿನ ಹಲಗೆಯ ಮೇಲೆ ನಡುವಿನ ಸ್ಪೀಕರ್ ಇದೆ. ಧೂಳು ಕೂರದಿರಲೆಂದು ಸೊಸೆ ಅದಕ್ಕೆ ಹೂವಿನ ಕಸೂತಿಯ ಬಟ್ಟೆ ಹೊದಿಸಿದ್ದಾರೆ. ಬಟ್ಟೆ ಸರಿಸಿ ಅಂಗೈ ಇಡುತ್ತಾರೆ. ಸೊಸೆ ತುಣುಕನ್ನು ಮತ್ತೆ ಹಾಕುತ್ತಾರೆ; ಸಿನಿಮಾದವನು ಬಾಗಿಲು ತೆಗಿ ಎಂದರೂ ಅಂಗೈಗೆ ಎಳ್ಳಷ್ಟೂ ನಡುಕವಿಲ್ಲ. ಮಾತಿಗಾಗಿಯೇ ಇರುವ ಸ್ಪೀಕರ್ ಹದಿಮೂರು ದಿನದಿಂದ ಬಾಯೇ ಬಿಟ್ಟಿಲ್ಲ.

ಟವೆಲು ಬಿಚ್ಚಿ, ಸ್ಪೀಕರಿನ ಬೆನ್ನು ತಿರುಗಿಸಿ ನೋಡಿದರೆ ಕಾರಣ ಸಿಗುತ್ತದೆ. ಜೋಡಿಸಿದವರು ತಂತಿಯನ್ನು ತುಸು ಹೆಚ್ಚೇ ಒಳಗೆ ತಳ್ಳಿದ್ದಾರೆ; ಬಿಗಿಯುವ ಕ್ಲಿಪ್ಪು ತಾಮ್ರವನ್ನು ಹಿಡಿಯುವ ಬದಲು ಮೇಲಿನ ಪ್ಲಾಸ್ಟಿಕ್ಕನ್ನು ಹಿಡಿದುಕೊಂಡಿದೆ. ಎಳೆದರೆ ಗಟ್ಟಿ, ಕರೆಂಟು ಮಾತ್ರ ಹರಿಯದು. ಸೆಟ್ಟು ಕೂರಿಸಿದ ದಿನ ಒಂದೊಂದು ಸ್ಪೀಕರಿನ ಸದ್ದನ್ನೂ ಮೈಕಿನಿಂದ ಕೇಳಿ ಕೋಣೆಯನ್ನು ಅಳೆದ ಯಂತ್ರ, ನಡುವೆ ಸ್ಪೀಕರೇ ಇಲ್ಲವೆಂದು ತಿಳಿದು ಮಾತನ್ನು ಎಡಕ್ಕೂ ಬಲಕ್ಕೂ ಹಂಚಿಬಿಟ್ಟಿದೆ. ಸೋಫಾದ ನಡುವೆ ಕೂತವರಿಗೆ ಎರಡೂ ಕೂಡಿ ಮಾತು ನಡುವೆಯೇ ಕೇಳುತ್ತದೆ. ಕಿಟಕಿಯ ಬಳಿ ಕೂತವರಿಗೆ, ಅದೇ ಕಿಟಕಿಯ ಪಕ್ಕ ನಿಂತಿರುವ ಬಲಗಡೆಯ ಸ್ಪೀಕರೇ ಗೆಲ್ಲುತ್ತದೆ.

ಎರಡು ನಿಮಿಷದ ಕೆಲಸ. ಆದರೆ ಸೌಂಡಕ್ಕ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ. "ನಿಮ್ಮ ಯಜಮಾನ್ರನ್ನ ಕರೀರಿ," ಎಂದು ಸೊಸೆಗೆ ಹೇಳುತ್ತಾರೆ. "ಈಗಲೇ ಸರಿಮಾಡ್ಬಿಟ್ರೆ ಸಾಕ್ಷಿ ಅಳಿಸಿಹೋಗುತ್ತೆ. ಮೊದಲು ನೀವಿಬ್ರೂ ಕೇಳಿ."

ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದ ಮಗ ಅರ್ಧ ಗುಂಡಿ ಹಾಕಿದ ಅಂಗಿಯಲ್ಲೇ ಬಂದು ತಂದೆಯ ಕುರ್ಚಿಯಲ್ಲಿ ಕೂರುತ್ತಾರೆ. ಸೌಂಡಕ್ಕ ಟವೆಲನ್ನು ಅವರ ಕಣ್ಣಿಗೆ ಕಟ್ಟುತ್ತಾರೆ. ಮಳೆಯವನು ಮೆಟ್ಟಿಲು ಹತ್ತುತ್ತಾನೆ, ಮಾತಾಡುತ್ತಾನೆ. ಮಗ ತಟ್ಟನೆ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ಟವೆಲು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಹೋಗಿ ತಂದೆಯ ಪಕ್ಕ ನಿಲ್ಲುತ್ತಾರೆ. ಸೊಸೆ ಕೇಳಿದ ಮೇಲೆ, "ಅಯ್ಯೋ ಮಾವ," ಎಂದಷ್ಟೇ ಅನ್ನುತ್ತಾರೆ.

ಆಮೇಲೆ ದುರಸ್ತಿ. ಸೌಂಡಕ್ಕ ತಂತಿಯ ತುದಿ ಕತ್ತರಿಸಿ, ಅರ್ಧ ಬೆರಳಷ್ಟು ಪ್ಲಾಸ್ಟಿಕ್ ಸುಲಿದು, ತಾಮ್ರದ ಎಳೆಗಳನ್ನು ಬತ್ತಿಯ ಹಾಗೆ ಹೊಸೆದು ಕ್ಲಿಪ್ಪಿಗೆ ಕೊಡುತ್ತಾರೆ. ಕೋಣೆಯನ್ನು ಹೊಸದಾಗಿ ಅಳೆಯಬೇಕು. ಈ ಸಲ ಮೈಕು ನಿಲ್ಲುವುದು ಸೋಫಾದ ಮುಂದೆ ಅಲ್ಲ, ಬೆತ್ತದ ಕುರ್ಚಿಯಲ್ಲಿ, ತಾತನ ಕಿವಿಯ ಎತ್ತರಕ್ಕೆ ಸರಿಯಾಗಿ. ಸೋಫಾದವರಿಗೆ ಸ್ವಲ್ಪ ಹೆಚ್ಚುಕಡಿಮೆ ಆದೀತು ಎಂದು ಎಚ್ಚರಿಸಿದರೆ, "ಆಗ್ಲಿ ಬಿಡಿ, ನಮಗೆ ಕಣ್ಣಿದೆಯಲ್ಲ," ಎನ್ನುತ್ತಾರೆ ಮಗ. ಅಳತೆ ನಡೆಯುವಾಗ ಯಾರೂ ಉಸಿರೆತ್ತುವಂತಿಲ್ಲ. ನಾಲ್ಕು ಜನ ನಾಲ್ಕು ಕಡೆ ನಿಂತಿರುತ್ತಾರೆ. ಸ್ಪೀಕರುಗಳು ಒಂದಾದ ಮೇಲೊಂದು ಕೂಗು ಹಾಕುತ್ತವೆ. ನಡುವಿನದು ಮೊದಲ ಬಾರಿಗೆ ಬಾಯಿ ತೆರೆದಾಗ ತಾತ ಗದ್ದ ಎತ್ತುತ್ತಾರೆ.

ಕೊನೆಯ ಪರೀಕ್ಷೆ. ತಾತ ತಮ್ಮ ಕುರ್ಚಿಗೆ ಮರಳಿದ್ದಾರೆ. ಹೆಜ್ಜೆಯ ಸದ್ದು ಎಡಗಡೆಯಿಂದ ಶುರುವಾಗುತ್ತದೆ. ತಾತನ ತೋರುಬೆರಳು ಮೇಲೇಳುತ್ತದೆ. ಹೆಜ್ಜೆ ಹತ್ತಿದಂತೆ ಬೆರಳು ಪರದೆಯ ಉದ್ದಕ್ಕೂ ನಿಧಾನವಾಗಿ ಸರಿಯುತ್ತದೆ, ಬಾಗಿಲು ಬಡಿದಲ್ಲಿ ನಿಲ್ಲುತ್ತದೆ. "ನಾನು, ಬಾಗಿಲು ತೆಗಿ" ಎಂಬ ಮಾತಿಗೆ ಬೆರಳು ನೇರ ಆ ಮನುಷ್ಯನ ಬಾಯಿಯ ಕಡೆ ಇದೆ. ಒಂದಂಗುಲವೂ ಆಚೀಚೆ ಇಲ್ಲ. ಆರು ವರ್ಷದಿಂದ ಬೆಳಕು ಕಾಣದ ಮನುಷ್ಯ ಸಿನಿಮಾ ನೋಡುತ್ತಿದ್ದಾರೆ. ಇದಕ್ಕಿಂತ ದೊಡ್ಡ ಅಚ್ಚರಿಯನ್ನು ಆ ಪರದೆಯಂತೂ ತೋರಿಸಿರಲಾರದು. ಸೌಂಡಕ್ಕ ಕಣ್ಣೊರೆಸಿಕೊಳ್ಳುತ್ತಾರೆ; ಅದಕ್ಕೂ ಅದೇ ಟವೆಲು.

ಹೊರಡುವ ಮುನ್ನ ಕಾರ್ಡು ತುಂಬುವುದು ಕ್ರಮ. ಅದರಲ್ಲಿ 'ದೋಷ ಪತ್ತೆ ಮಾಡಿದವರು' ಎಂಬ ಒಂದು ಸಾಲಿದೆ. ಕೆಲಸಗಾರರು ಅಲ್ಲಿ ತಮ್ಮ ಹೆಸರು ಬರೆಯುತ್ತಾರೆ. ತಿಂಗಳ ಕೊನೆಗೆ ಯಾರ ಹೆಸರು ಎಷ್ಟು ಸಲ ಬಂದಿದೆ ಎಂದು ಮ್ಯಾನೇಜರ್ ನೋಡುತ್ತಾರೆ. ಸೌಂಡಕ್ಕ ಗೋಡೆಗೊರಗಿ, ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆದು ಮುಗಿಸಿ ಚೀಲ ಹೆಗಲಿಗೇರಿಸುತ್ತಾರೆ. ಮಗ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಾರೆ, ಶುಕ್ರವಾರ ಬರುವುದಿಲ್ಲ ಎಂದು ಡಾಕ್ಟರಿಗೆ ತಿಳಿಸಲು.

"ಏನಂತ ಬರೆದ್ರಿ?" ತಾತ ಕೇಳುತ್ತಾರೆ.

ಸೌಂಡಕ್ಕ ಓದುತ್ತಾರೆ. "ದೋಷ: ನಡುವಿನ ಸ್ಪೀಕರಿನ ತಂತಿ ಕೂತಿರಲಿಲ್ಲ. ದೋಷ ಪತ್ತೆ ಮಾಡಿದವರು: ಮನೆಯ ಹಿರಿಯರು. ಮೊದಲನೇ ದಿನವೇ ಹೇಳಿದ್ದರು, ನಾವು ಕೇಳಲಿಲ್ಲ."

ತಾತ ಬಾಲ್ಕನಿಯ ಕಡೆ ಕೈ ತೋರಿಸುತ್ತಾರೆ.

"ಅವನು ಫೋನ್ ಇಟ್ಟು ಒಳಗೆ ಬರ್ಲಿ. ಆಮೇಲೆ ಇನ್ನೊಂದ್ಸಲ ಓದಮ್ಮ."

ಎಂಟೂವರೆಗೆ ಇನ್ನೊಂದು ಮನೆಯವರು ಕಾಯುತ್ತಿದ್ದಾರೆ. ಸೌಂಡಕ್ಕ ಚೀಲವನ್ನು ಹೆಗಲಿಂದ ಇಳಿಸಿ ತಾತನ ಪಕ್ಕದಲ್ಲಿ ಕೂರುತ್ತಾರೆ.